ಒಂದೇ ಬ್ಲಾಕ್, ಮೂರು ಕೆಲಸ

ಕೇಳುಗರಿಗೆ ನಮಸ್ಕಾರ. ಕೋಲಾರದ ಟಮಕದಲ್ಲೋ ತುಮಕೂರಿನ ಅಗಳಕೋಟೆಯಲ್ಲೋ ಮೆಡಿಕಲ್ ಕಾಲೇಜಿನ ಮುಂದೆ ಬಸ್ಸಿಳಿಯುವವರಿಗೆ ಸರ್ಜನ್ ಗೊತ್ತು, ಮಕ್ಕಳ ಡಾಕ್ಟರು ಗೊತ್ತು. ಪೆಥಾಲಜಿ ಡಾಕ್ಟರು ಎಂದರೆ "ರಕ್ತ ತೆಗೆಯೋರಾ?" ಅನ್ನುತ್ತಾರೆ. ದೇಹದಿಂದ ತೆಗೆದ ತುಂಡನ್ನೋ ರಕ್ತವನ್ನೋ ಪರೀಕ್ಷಿಸಿ ರೋಗ ಯಾವುದೆಂದು ಹೇಳುವ ಈ ಡಾಕ್ಟರು ಎಂ.ಬಿ.ಬಿ.ಎಸ್. ಮುಗಿಸಿ, ನೀಟ್ ಪಿ.ಜಿ. ಬರೆದು, ಮತ್ತೆ 3 ವರ್ಷ ಎಂ.ಡಿ. ಓದಿದವರು. ಕಾಲೇಜಿನಲ್ಲೇ ಉಳಿದರೆ ವರದಿ, ಪಾಠ, ಸಂಶೋಧನೆ ಮೂರೂ ಅವರ ಪಾಲಿಗೆ. ಮೂರಕ್ಕೂ ಬೇಕಾದದ್ದು ಮೇಣದಲ್ಲಿ ಕೂರಿಸಿದ ಬೆರಳ ತುದಿಯಷ್ಟು ಮಾಂಸದ ತುಂಡು. ಅದಕ್ಕೆ ಬ್ಲಾಕ್ ಅನ್ನುತ್ತೇವೆ.

ಕೆನ್ನೆ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಎಲೆಅಡಿಕೆ ಜೊತೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿಸಿ ಕೆನ್ನೆಯ ಸಂದಿಗೆ ಒತ್ತರಿಸಿಕೊಂಡೇ ಮಲಗುವ ಅಭ್ಯಾಸ ನಮ್ಮ ಕಡೆ ಹೆಂಗಸರಲ್ಲೂ ಇದೆ. ಉಂಡೆ ಕೂರುವ ಜಾಗದಲ್ಲೇ ಹುಣ್ಣು ಏಳುವುದು. ಸರ್ಜನ್ ಆ ಕೆನ್ನೆಯ ಭಾಗವನ್ನು, ಬೇಕಾದರೆ ದವಡೆಯ ಮೂಳೆಯನ್ನೂ ಸೇರಿಸಿ ತೆಗೆದು, ಮಾಂಸ ಕೊಳೆಯದಂತೆ ಕಾಯುವ ದ್ರವವಾದ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಬೇಕಾದದ್ದು 10 ಶೇಕಡಾ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತು ಪಟ್ಟಾದರೂ. ಅದು ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್. ದಪ್ಪ ತುಂಡನ್ನು ಕೊಯ್ಯದೆ ಹಾಗೇ ಮುಳುಗಿಸಿಟ್ಟರೆ ಏನಾಗುತ್ತದೆ ಎಂದು ಶ್ರೀನಿವಾಸಪುರದವರಿಗೆ ಹೇಳಿಕೊಡಬೇಕಿಲ್ಲ: ಸಿಪ್ಪೆ ಗಟ್ಟಿ, ಓಟೆಯ ಸುತ್ತ ಕೊಳೆತ ಮಾವು. ಕಿರಿದಾದ ಬಾಯಿಯ ಬಾಟಲಿಯದು ಇನ್ನೊಂದು ಕಾಟ. ಮೆತ್ತಗಿದ್ದಾಗ ಒಳಗೆ ಹೋದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ಹಿಂಡಿ ಎಳೆದರೆ ಅಂಚು ಹಾಳು. ಫಾರ್ಮಲಿನ್ ಸಿಗಲಿಲ್ಲವೆಂದು ಸಲೈನಿನಲ್ಲಿ ಹಾಕಿ ರಾತ್ರಿಯಿಡೀ ಇಟ್ಟದ್ದನ್ನಂತೂ ಯಾವ ಪ್ರೊಫೆಸರೂ ಉಳಿಸಲಾರರು.

ಮುಂದಿನದು ಗ್ರಾಸಿಂಗ್ ಮೇಜು, ಅಂದರೆ ಬಂದ ತುಂಡನ್ನು ನೋಡಿ ಕೊಯ್ಯುವ ಜಾಗ. ಕೊಯ್ದ ಅಂಚಿಗೆ ಇಂಕು ಬಳಿದು, 3 ಮಿಲಿಮೀಟರ್ ದಪ್ಪದ ಹೋಳು ಮಾಡಬೇಕು. ಮೂಳೆ ಆಮ್ಲದಲ್ಲಿ ಮೆತ್ತಗಾಗಲು ದಿನಗಟ್ಟಲೆ ಬೇಕು. ವರದಿ ತಡವಾಯಿತೆಂದು ಮನೆಯವರು ಜಗಳ ತೆಗೆಯುವುದು ಹೆಚ್ಚಾಗಿ ಈ ಮೂಳೆಯಿಂದಲೇ. ಉಳಿದ ಹೋಳುಗಳು ಆಲ್ಕೊಹಾಲ್, ಜೈಲೀನ್ ದಾಟಿ 60 ಡಿಗ್ರಿ ಆಸುಪಾಸಿನ ಮೇಣಕ್ಕೆ ಇಳಿಯುತ್ತವೆ. ಆಲ್ಕೊಹಾಲ್ ಹಳತಾಗಿದ್ದರೆ ನೀರಿನಂಶ ಉಳಿಯುತ್ತದೆ, ಮೇಣ ಒಳಗೆ ಹೋಗುವುದಿಲ್ಲ, ಮೈಕ್ರೋಟೋಮ್ ಎಂಬ ಕೊಯ್ಯುವ ಯಂತ್ರದಲ್ಲಿ 4 ಮೈಕ್ರಾನ್ ಪದರ ತೆಗೆಯುವಾಗ ನಡುವೆ ತೂತು ಬೀಳುತ್ತದೆ.

ಆ ಪದರವನ್ನು ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕಿದರೆ ಸ್ಲೈಡ್ ಬಂತು. ಕ್ಯಾನ್ಸರ್ ಹೌದೋ ಅಲ್ಲವೋ ಎಂದಷ್ಟೇ ಬರೆದರೆ ಸಾಲದು, ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಬೇಕು. ಕ್ಯಾನ್ಸರಿನ ಹಂತ ಹೇಳುವ ಅಮೆರಿಕದ ಎ.ಜೆ.ಸಿ.ಸಿ. ನಿಯಮಪುಸ್ತಕದ, 2018ರಿಂದ ಬಳಕೆಗೆ ಬಂದ 8ನೇ ಆವೃತ್ತಿಯಲ್ಲಿ ಗಡ್ಡೆಯ ಅಗಲದ ಜೊತೆ ಆಳವೂ ಸೇರಿತು: 5 ಮಿಲಿಮೀಟರ್‌ವರೆಗೆ ಒಂದು, 10ರವರೆಗೆ ಒಂದು, ಅದನ್ನು ಮೀರಿದರೆ ಇನ್ನೊಂದು ಮಟ್ಟ. ಅಳೆಯುವುದು ಗಾರೆಯವರು ಗುಂಡು ಬಿಟ್ಟು ಗೋಡೆ ನೋಡುವ ಹಾಗೆ. ಪಕ್ಕದ ಆರೋಗ್ಯವಾದ, ಬಾಯಿಯ ಒಳಚರ್ಮದ ತಳದ ಪೊರೆಗೆ ಸಮನಾಗಿ ಗೆರೆ ಎಳೆದುಕೊಂಡು, ಅಲ್ಲಿಂದ ಗಡ್ಡೆಯ ಅತಿ ಕೆಳಗಿನ ಕೋಶದವರೆಗೆ ನೇರ ಕೆಳಗೆ. ಗಡ್ಡೆಯ ನೆತ್ತಿಯಿಂದ ಅಳೆದರೆ ಉಬ್ಬಿದ್ದರಲ್ಲಿ ಆಳ ಹೆಚ್ಚಾಗುತ್ತದೆ, ಹುಣ್ಣಾಗಿ ಕುಳಿಬಿದ್ದದ್ದರಲ್ಲಿ ಕಡಿಮೆಯಾಗುತ್ತದೆ. ಹೋಳನ್ನು ಓರೆಯಾಗಿ ಕೊಯ್ದಿದ್ದರೆ ಎಲ್ಲಿಂದ ಅಳೆದರೂ ತಪ್ಪೇ.

ಅದೇ ಸ್ಲೈಡ್ ಎಂ.ಬಿ.ಬಿ.ಎಸ್. ಎರಡನೇ ಹಂತದ ಮಕ್ಕಳ ಮುಂದೆ ಹೋಗುತ್ತದೆ. ಎಲ್ಲರಿಗೂ ನೇರ 40ರ ಲೆನ್ಸಿಗೆ ಹಾರುವ ಆತುರ. ಮೊದಲು 4ರಲ್ಲಿ ನೋಡಿಸಬೇಕು, ಆರೋಗ್ಯವಾದ ಒಳಚರ್ಮ ಎಲ್ಲಿ ಮುಗಿಯಿತು ಎಂದು ಅವರ ಬಾಯಲ್ಲೇ ಹೇಳಿಸಬೇಕು. ಪಿ.ಜಿ.ಗಳಿಗೆ ಪಟ್ಟು ಬೇರೆ: ತುಂಡನ್ನು ಬರಿಗಣ್ಣಿನಲ್ಲಿ ನೋಡಿ ವರ್ಣನೆ ಬರೆಯದೆ ಮೈಕ್ರೋಸ್ಕೋಪ್ ಮುಟ್ಟಕೂಡದು.

ಬಡ್ತಿಯ ಲೆಕ್ಕ ಚಿಕ್ಕದು. 1 ವರ್ಷ ಸೀನಿಯರ್ ರೆಸಿಡೆಂಟ್, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಅಲ್ಲಿಂದ ಮುಂದಕ್ಕೆ ವರ್ಷಗಳ ಜೊತೆ ಪ್ರಕಟಿತ ಲೇಖನಗಳೂ ಬೇಕು. ಈ ಲೆಕ್ಕಕ್ಕೆಂದೇ ಬರೆದ ಲೇಖನ ಓದುವಾಗಲೇ ಗೊತ್ತಾಗಿಬಿಡುತ್ತದೆ.

ನಿಜವಾದ ಸಂಶೋಧನೆಗೆ ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ. ಆಮೇಲೆ ಕಪಾಟಿನ ಹಳೆಯ ಬ್ಲಾಕುಗಳು. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಆಳ ಅಳೆದು, ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಬೇಕು. ಅಳತೆಯೇ ಹೊಂದದಿದ್ದರೆ ಮುಂದಿನ ಗ್ರಾಫು ಬರೀ ಬಣ್ಣ. ಒಂದು ಪ್ರೋಟೀನನ್ನಷ್ಟೇ ಹುಡುಕಿ ಹತ್ತುವ ಬಣ್ಣವಾದ ಇಮ್ಯೂನೋ ಸ್ಟೇನ್ ಹಾಕಿದಾಗ ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಆ ಪ್ರೋಟೀನು ಇಲ್ಲವೆಂದು ಬರೆಯುವಂತಿಲ್ಲ. ಅಂದು ಬಾಟಲಿಯಲ್ಲಿ ಕೆಟ್ಟದ್ದೂ ಇರಬಹುದು. ಅದಕ್ಕೇ ಅದೇ ತುಂಡಿನ ಆರೋಗ್ಯವಾದ ಭಾಗದಲ್ಲೂ ಬಣ್ಣ ನೋಡಬೇಕು; ಬಣ್ಣ ಹಾಕಿದ್ದು ಸರಿಯೇ ಎಂದು ತಿಳಿಯಲು ಪಕ್ಕದಲ್ಲಿ ಕಂಟ್ರೋಲ್ ಸ್ಲೈಡ್, ಅಂದರೆ ಆ ಪ್ರೋಟೀನು ಇದೆಯೆಂದು ಮೊದಲೇ ಗೊತ್ತಿರುವ ಸ್ಲೈಡ್ ಇರಲೇಬೇಕು. ಬಯಾಪ್ಸಿ ಚೀಟಿಯಲ್ಲಿ ಹೊಗೆಸೊಪ್ಪು ಎಷ್ಟು ವರ್ಷ, ಯಾವ ಕಡೆ ಕೆನ್ನೆ ಎಂದು ಬರೆದಿರದಿದ್ದರೆ ಆ ಪ್ರಶ್ನೆಯ ಸಂಶೋಧನೆ ಅಲ್ಲಿಗೇ ನಿಂತಿತು. ಇನ್ನೊಂದು: ಆಸ್ಪತ್ರೆಗೆ ಬಂದು ಆಪರೇಷನ್ ಆದವರನ್ನಷ್ಟೇ ಎಣಿಸಿ "ಜಿಲ್ಲೆಯಲ್ಲಿ ಇಷ್ಟು" ಎಂದು ಹೇಳಕೂಡದು. ಬಾರದೆ ಮನೆಯಲ್ಲೇ ಉಳಿದವರು ಆ ಲೆಕ್ಕದಲ್ಲಿಲ್ಲ.

ಕೊನೆಗೆ ಕೇಳುಗರಿಗೆ ಉಪಯೋಗದ ಮಾತು. ಬೆಂಗಳೂರಿನಲ್ಲಿ ಇನ್ನೊಬ್ಬರ ಅಭಿಪ್ರಾಯ ಬೇಕೆಂದರೆ ವರದಿಯ ಜೆರಾಕ್ಸ್ ಸಾಲದು. ಅರ್ಜಿ ಕೊಟ್ಟು ಸ್ಲೈಡೂ ಬ್ಲಾಕೂ ಕೇಳಿ, ಬ್ಲಾಕಿನ ಮೇಲಿನ ನಂಬರು ವರದಿಯದಕ್ಕೆ ಹೊಂದುತ್ತದೆಯೇ ಅಲ್ಲೇ ನೋಡಿಕೊಳ್ಳಿ. ಸ್ಲೈಡನ್ನು ಡಬ್ಬಿಯಲ್ಲಿಟ್ಟು ಒಯ್ಯಿರಿ. ಬ್ಲಾಕನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ನಮಸ್ಕಾರ.