ಕಾಫಿ ಸೋಡಾ ಯಾಕೆ ಅಂಗಡಿಯಲ್ಲಿ ನಿಲ್ಲುವುದಿಲ್ಲ?

ನಮಸ್ಕಾರ. ಕೋಲಾ ಕಂಪನಿಗಳಿಗೆ ದುಡ್ಡಿನ ಕೊರತೆ ಇಲ್ಲ. ಕಾಫಿ ಕುಡಿಯುವವರಿಗೂ ಬರ ಇಲ್ಲ. ಆದರೂ ಇವೆರಡನ್ನೂ ಸೇರಿಸಿದ ಬಾಟಲಿ ಬಂದಷ್ಟೇ ಬೇಗ ಹೋಗುತ್ತದೆ. ಯಾಕೆ?

[ಸ್ಕ್ರೀನ್ ಮೇಲೆ ವರ್ಷಗಳು ಒಂದೊಂದಾಗಿ]

ಪಟ್ಟಿ ಬೇಗ ನೋಡಿಬಿಡೋಣ. 1996ರಲ್ಲಿ ಪೆಪ್ಸಿ ಕೋನಾ. ಫಿಲಡೆಲ್ಫಿಯಾದಲ್ಲಿ ಮಾರಿ ನೋಡಿದರು, ಮುಂದೆ ಹೋಗಲಿಲ್ಲ. 2006ರಲ್ಲಿ ಕೋಕಾ-ಕೋಲಾ ಬ್ಲ್ಯಾಕ್, ಮೊದಲು ಫ್ರಾನ್ಸ್, ಆಮೇಲೆ ಅಮೆರಿಕ. 2008ರ ಹೊತ್ತಿಗೆ ನಿಂತೇ ಹೋಯಿತು. 2013ರಲ್ಲಿ ಫ್ರೂಟಿ ಮಾಡುವ ಪಾರ್ಲೆ ಆಗ್ರೋ ಭಾರತಕ್ಕೆ ಕೆಫೆ ಕ್ಯೂಬಾ ತಂದಿತು. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಕರ್ನಾಟಕ. ಇಲ್ಲೂ ಅದು ಬೇರು ಬಿಡಲಿಲ್ಲ. 2021ರಲ್ಲಿ ಕೋಕಾ-ಕೋಲಾ ಅಮೆರಿಕದಲ್ಲಿ ಮತ್ತೆ ಪ್ರಯತ್ನಿಸಿತು. 355 ಮಿಲಿಲೀಟರ್ ಕ್ಯಾನಿನಲ್ಲಿ 69 ಮಿಲಿಗ್ರಾಂ ಕೆಫೀನ್, ಅಂದರೆ ಮಾಮೂಲಿ ಕೋಕ್‌ನ ಎರಡರಷ್ಟು. ಅದೂ ಅಲ್ಲಿನ ಅಂಗಡಿಗಳಿಂದ ಹೋಯಿತು.

ನನಗೆ ತುಂಬಾ ಇಷ್ಟವಾದ ಕಥೆ ಮಾತ್ರ ಮಜಾಗ್ರಾನ್‌ನದು. ಇಲ್ಲಿ ಸ್ವಲ್ಪ ನಿಲ್ಲೋಣ.

[ಹಳೆಯ ಬಾಟಲಿಯ ಚಿತ್ರ]

1994ರಲ್ಲಿ ಸ್ಟಾರ್‌ಬಕ್ಸ್ ಮತ್ತು ಪೆಪ್ಸಿ ಕೈ ಜೋಡಿಸಿದವು. ಮೊದಲು ಮಾಡಿದ್ದು ಮಜಾಗ್ರಾನ್ ಎನ್ನುವ ಗ್ಯಾಸ್ ತುಂಬಿದ ಕಾಫಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಾರಾಟಕ್ಕಿಟ್ಟರು. ಸ್ಟಾರ್‌ಬಕ್ಸ್ ಹೆಸರು ನೋಡಿ ಜನ ಕೊಂಡರು, ಕುಡಿದರು. ಎರಡನೇ ಸಲ ಬರಲಿಲ್ಲ. ಆದರೆ ಆ ಬಾಟಲಿಯೊಳಗೆ ಒಂದು ಚಿನ್ನದಂಥ ವಸ್ತು ಇತ್ತು. ಡಾನ್ ವ್ಯಾಲೆನ್ಸಿಯಾ ಎಂಬ ವಿಜ್ಞಾನಿ ಕಾಫಿಯ ಘಮ ಹೋಗದಂತೆ ಒಂದು ಸಾರ ತಯಾರಿಸಿದ್ದರು. ಅವರು ಮೊದಲು ಕೆಲಸ ಮಾಡಿದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಯಲ್ಲಿ! ಅದೇ ಸಾರಕ್ಕೆ ಗ್ಯಾಸ್ ಬದಲು ಹಾಲು ಸೇರಿಸಿದರು. 1996ರಲ್ಲಿ ಬಾಟಲಿ ಫ್ರಾಪುಚಿನೋ ಬಂತು. ಅದು ಇವತ್ತಿಗೂ ಮಾರಾಟವಾಗುತ್ತಿದೆ.

ಅಂದರೆ ಜನಕ್ಕೆ ತಣ್ಣನೆಯ ಸಿಹಿ ಕಾಫಿ ಬೇಕೇ ಇತ್ತು. ಬೇಡವಾಗಿದ್ದದ್ದು ಗ್ಯಾಸ್. ನನ್ನ ಪ್ರಕಾರ ಇಡೀ ಉತ್ತರ ಇಲ್ಲೇ ಇದೆ. ಜಪಾನಿನಲ್ಲಿ ಯುಸಿಸಿ ಕಂಪನಿ 1969ರಲ್ಲೇ ಹಾಲು ಹಾಕಿದ ಕಾಫಿಯನ್ನು ಕ್ಯಾನಿಗೆ ತುಂಬಿತ್ತು. ಕ್ಯಾನ್ ಕಾಫಿ ಅಲ್ಲಿ ದೊಡ್ಡ ಮಾರುಕಟ್ಟೆಯೇ ಆಯಿತು.

ಹಾಗಾದರೆ ಹಾಲು, ಗ್ಯಾಸ್ ಎರಡನ್ನೂ ಹಾಕಬಹುದಲ್ವಾ? ಸುಲಭವಿಲ್ಲ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ ಸುಮಾರು 4.6ಕ್ಕೆ ಇಳಿದರೆ ಹಾಲು ಒಡೆಯುತ್ತದೆ. ಕೋಲಾದ ಪಿಎಚ್ ಸುಮಾರು 2.5. ಹಾಗಾಗಿ ಕಾಫಿ ಸೋಡಾ ಸಾಮಾನ್ಯವಾಗಿ ಹಾಲಿಲ್ಲದ ಕಾಫಿಯೇ ಆಗಬೇಕು. ಹಾಲಿನ ಕಾಫಿ ಇಷ್ಟಪಡುವವರೆಲ್ಲ ಅಲ್ಲೇ ಕೈಬಿಟ್ಟು ಹೋದರು.

[ಲೋಟ, ಬಟ್ಟಲಿನ ದೃಶ್ಯ]

ಇನ್ನೊಂದು ತೊಂದರೆ ನೊರೆ. ಲೋಟದಿಂದ ಬಟ್ಟಲಿಗೆ ಕಾಫಿ ಎತ್ತಿ ಹೊಯ್ದಾಗ ನೊರೆ ಏಳುತ್ತದಲ್ಲ, ಅಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಗ್ಯಾಸ್ ಮಾಡುತ್ತದೆ. ಹುರಿದ ಬೀಜದಿಂದ ಬರುವ ಮೆಲನಾಯ್ಡಿನ್ ಎಂಬ ಕಂದು ಬಣ್ಣದ ವಸ್ತು, ಪ್ರೋಟೀನ್, ಪಾಲಿಸ್ಯಾಕರೈಡ್ ಎಂಬ ಉದ್ದ ಸಕ್ಕರೆ ಸರಪಳಿಗಳು ಗುಳ್ಳೆಯ ಸುತ್ತ ಪೊರೆ ಕಟ್ಟುತ್ತವೆ. ಮಾಮೂಲಿ ಸೋಡಾದ ಗುಳ್ಳೆ ತಟ್ಟನೆ ಒಡೆಯುತ್ತದೆ, ಇದು ಒಡೆಯುವುದಿಲ್ಲ. ಬಾಟಲಿ ತುಂಬುವವರಿಗೆ ತಲೆನೋವು.

ಟೈಮ್ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಗ್ಯಾಸ್ ನೀರಿನಲ್ಲಿ ಕರಗಿದರೆ ಕಾರ್ಬಾನಿಕ್ ಆಮ್ಲ, ಅಂದರೆ ಹುಳಿ. ಕಾಫಿ ಮೊದಲೇ ಕಹಿ. ಎರಡನ್ನೂ ಮುಚ್ಚಲು ಸಕ್ಕರೆ ಜಾಸ್ತಿ ಬೇಕು, ಆಗ ಕಾಫಿ ರುಚಿಯೇ ಹಿಂದೆ ಸರಿಯುತ್ತದೆ. ಇಷ್ಟಾದರೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1895ರಲ್ಲಿ ಶುರುವಾದ ಮ್ಯಾನ್‌ಹಟನ್ ಸ್ಪೆಷಲ್ ಎಂಬ ಎಸ್ಪ್ರೆಸೊ (ಗಟ್ಟಿ ಕಾಫಿ) ಸೋಡಾ ನೂರು ವರ್ಷ ದಾಟಿತು. ಇಡೀ ದೇಶವನ್ನು ಗೆಲ್ಲುವ ಹಟ ಅದಕ್ಕಿರಲಿಲ್ಲ, ಇಷ್ಟಪಡುವ ಗಿರಾಕಿಗಳಿದ್ದರು.

ಈಗ ಬೆಂಗಳೂರಿನ ಕೆಫೆಗಳಲ್ಲಿ ಎಸ್ಪ್ರೆಸೊ ಟಾನಿಕ್ ಸಿಗುತ್ತದೆ, ಅಂದರೆ ಟಾನಿಕ್ ಎಂಬ ಸ್ವಲ್ಪ ಕಹಿಯಾದ ಗ್ಯಾಸ್ ನೀರಿಗೆ ಸೇರಿಸಿದ ಎಸ್ಪ್ರೆಸೊ. ಕಣ್ಣೆದುರೇ ಬೆರೆಸಿ ಕೊಡುತ್ತಾರೆ, ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಮಾಡುವುದಾದರೆ ಮೊದಲು ಐಸ್, ಆಮೇಲೆ ಟಾನಿಕ್, ಕೊನೆಗೆ ಕಾಫಿ. ನಿಧಾನ ಸುರಿಯಿರಿ, ಇಲ್ಲದಿದ್ದರೆ ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ.