ಗಿಡ್ಡ ಬಿಲ್ಲಿನಲ್ಲಿ ಮೂರು ಬೆರಳಿಗೆ ಜಾಗವಿಲ್ಲ

[ದೃಶ್ಯ: ಬಲಗೈಯ ಉಂಗುರ ಬೆರಳು, ತೀರ ಹತ್ತಿರದಿಂದ. ಮೊದಲ ಗೆಣ್ಣಿನ ಬಳಿ ಅಡ್ಡಲಾಗಿ ಒಂದು ಕೆಂಪು ಗೆರೆ.]

ಈ ಗೆರೆಯನ್ನು ನೋಡಿ. ನಿಮಗೆ ತೋರಿಸಬೇಕೆಂದೇ ಅರ್ಧ ಗಂಟೆಯ ಹಿಂದೆ ಹತ್ತು ಬಾಣಗಳನ್ನು ತಪ್ಪು ರೀತಿಯಲ್ಲಿ ಬಿಟ್ಟೆ. ಹೆದೆ ಕಚ್ಚಿದ ಗುರುತು ಇದು.

ನಾನು ಬಿಲ್ಲುಗಾರಿಕೆ ಕಲಿತದ್ದು ಒಲಿಂಪಿಕ್ಸ್‌ನಲ್ಲಿ ಬಳಸುವಂಥ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಲ್ಲಿ. ಅದರ ಉದ್ದ 68 ಇಂಚು. ಈಗ ಕೈಯಲ್ಲಿರುವುದು 50 ಇಂಚಿನ, ಕುದುರೆ ಸವಾರರ ಮಾದರಿಯ ಬಿಲ್ಲು. ಇದನ್ನು ಮನೆಗೆ ತಂದ ಮೊದಲ ವಾರವೆಲ್ಲ ಹಳೆಯದನ್ನು ಎಳೆದಂತೆಯೇ ಎಳೆದೆ. ಬೆರಳು ನೊಂದಿತು, ಬಾಣ ಕೈಮೇಲಿಂದ ಜಾರಿ ನೆಲಕ್ಕೆ ಬಿತ್ತು, ಬಿಲ್ಲಿನಲ್ಲೇ ದೋಷವಿದೆ ಎಂದುಕೊಂಡೆ. ಬಿಲ್ಲು ಸರಿಯಾಗಿಯೇ ಇತ್ತು.

[ದೃಶ್ಯ: ಎರಡೂ ಬಿಲ್ಲುಗಳು, ಪೂರ್ತಿ ಎಳೆದ ಸ್ಥಿತಿಯಲ್ಲಿ, ಪಕ್ಕದಿಂದ.]

ಎರಡರಲ್ಲೂ ಎಳೆತ 28 ಇಂಚು. ಆದರೆ ಹೆದೆಯ ಕೋನವನ್ನು ಗಮನಿಸಿ. ಉದ್ದ ಬಿಲ್ಲಿನಲ್ಲಿ ಹೆದೆ ಬಯಲುಸೀಮೆಯ ಹೆಂಚಿನ ಮನೆಯ ಮಾಡಿನಂತೆ ಅಗಲವಾಗಿ ತೆರೆದುಕೊಂಡಿದೆ. ಗಿಡ್ಡ ಬಿಲ್ಲಿನಲ್ಲಿ ಮಲೆನಾಡಿನ ಮನೆಯ ಮಾಡಿನಂತೆ ಕಡಿದಾಗಿದೆ. ಆ ಮೂಲೆಯೊಳಗೆ ಮೂರು ಬೆರಳು ತುರುಕಿದರೆ ಮೇಲಿನದೂ ಕೆಳಗಿನದೂ ನಡುವಿನತ್ತ ಹಿಂಡಿಕೊಳ್ಳುತ್ತವೆ. ಬಾಣದ ಹಿಂತುದಿಯನ್ನು ಚಿವುಟುತ್ತವೆ, ಚಿವುಟಿದ ಬಾಣ ಬಿಲ್ಲಿನಿಂದ ಆಚೆ ಸರಿದು ಬೀಳುತ್ತದೆ. ನೋವಿಗೂ ಬಾಣ ಜಾರುವುದಕ್ಕೂ ಮೂಲ ಒಂದೇ.

ತಕ್ಷಣದ ಪರಿಹಾರ ಬೇಕಿದ್ದರೆ ಉಂಗುರ ಬೆರಳನ್ನು ಹೆದೆಯಿಂದ ತೆಗೆದುಬಿಡಿ. ತೋರುಬೆರಳು, ನಡುಬೆರಳು ಸಾಕು. ಬಿಲ್ಲಿನ ತಲೆಯನ್ನು ತುಸು ಬಲಕ್ಕೆ ವಾಲಿಸಿದರೆ ಬಾಣ ಕೈಯ ಮೇಲೆ ನಿಲ್ಲುತ್ತದೆ. ಎಳೆಯಲು ಹಗುರವಾದ ಬಿಲ್ಲಿಗೆ ಇದು ನಡೆಯುತ್ತದೆ.

ಆದರೆ ಇಂಥ ಬಿಲ್ಲುಗಳನ್ನು ಕಟ್ಟಿದ ಜನ ಎಳೆಯುತ್ತಿದ್ದದ್ದು ಹೆಬ್ಬೆರಳಿನಿಂದ. ತುರ್ಕರು, ಮಂಗೋಲರು, ಕೊರಿಯನ್ನರು, ನಮ್ಮ ಮೊಘಲರು, ಎಲ್ಲರೂ ಹಾಗೆಯೇ. ಷಹಜಹಾನನ ಹಸಿರು ಕಲ್ಲಿನ ಉಂಗುರವೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದು ಹೆದೆಯ ಕಡಿತದಿಂದ ಬೆರಳನ್ನು ಕಾಯುವ, ಬಿಲ್ಲುಗಾರನ ಹೆಬ್ಬೆರಳುಂಗುರ. ಏಕಲವ್ಯನ ಕಥೆಯನ್ನೂ ನೆನಪಿಸಿಕೊಳ್ಳಿ. ಹೆಬ್ಬೆರಳು ಹೋದ ಮೇಲೂ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ವ್ಯಾಸಭಾರತದ ಆದಿಪರ್ವ ಹೇಳುತ್ತದೆ. ಬಾಲ್ಯದಲ್ಲಿ ಆ ಸಾಲು ನನಗೆ ಬರೀ ಕಥೆಯಾಗಿತ್ತು. ಹೆಬ್ಬೆರಳಿನಿಂದ ಎಳೆಯಲು ಕಲಿತ ಮೇಲೆ ಮೈ ಜುಮ್ಮೆಂದಿತು.

[ದೃಶ್ಯ: ಹೆದೆ ಹಿಡಿದ ಬಲಗೈ, ಹತ್ತಿರದಿಂದ. ನಿಧಾನ ಚಲನೆ.]

ಈಗ ಕೈಯನ್ನೇ ನೋಡಿ. ಬಾಣವನ್ನು ಬಿಲ್ಲಿನ ಬಲಮಗ್ಗುಲಿಗೆ ಇಡಿ. ಉದ್ದ ಬಿಲ್ಲಿನ ಅಭ್ಯಾಸಕ್ಕೆ ಇದು ಉಲ್ಟಾ. ಎಡಗೈಯವರು ಎಲ್ಲವನ್ನೂ ಅದಲುಬದಲು ಮಾಡಿಕೊಳ್ಳಿ. ಹೆಬ್ಬೆರಳು ಬಾಣದ ಕೆಳಗೆ ಹೆದೆಯನ್ನು ಕೊಕ್ಕೆಯಂತೆ ಹಿಡಿಯಬೇಕು. ತೋರುಬೆರಳು ಮಡಚಿ ಹೆಬ್ಬೆರಳಿನ ಉಗುರಿನ ಮೇಲೆ ಕೂರಬೇಕು, ಅಗುಳಿ ಹಾಕಿದ ಹಾಗೆ. ಉಳಿದ ಮೂರು ಬೆರಳು ಸುಮ್ಮನೆ ಮುಷ್ಟಿಯಲ್ಲಿರಲಿ. ಕಡಿದಾದ ಮೂಲೆಯಲ್ಲಿ ಈಗ ಇರುವುದು ಒಂದೇ ಬೆರಳು, ಹಿಂಡಿಸಿಕೊಳ್ಳಲು ಇನ್ನೊಂದು ಇಲ್ಲ. ಎಳೆಯುತ್ತಾ ಮಣಿಕಟ್ಟನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿ. ತೋರುಬೆರಳಿನ ಬುಡ ಬಾಣವನ್ನು ಬಿಲ್ಲಿಗೆ ಒತ್ತುತ್ತದೆ. ಈ ಒಂದು ತಿರುವು ಕೈಗೆ ಹತ್ತಲು ನನಗೆ ತಿಂಗಳು ಹಿಡಿಯಿತು. ಹತ್ತಿದ ದಿನ ಬಾಣ ಬೀಳುವುದು ನಿಂತಿತು.

ಹೆಬ್ಬೆರಳುಂಗುರ ಇಲ್ಲದವರು ಮೆತ್ತನೆಯ ಚರ್ಮದ ಪಟ್ಟಿಯನ್ನು ಹೆಬ್ಬೆರಳಿಗೆ ಸುತ್ತಿಕೊಳ್ಳಿ.

[ದೃಶ್ಯ: ಮುಖ, ಪಕ್ಕದಿಂದ.]

ಒಲಿಂಪಿಕ್ಸ್ ಶೈಲಿಯಲ್ಲಿ ಕೈ ಗದ್ದದ ಕೆಳಗೆ ನಿಲ್ಲುತ್ತದೆ, ಹೆದೆ ಮೂಗಿನ ತುದಿಗೆ ತಾಗುತ್ತದೆ. ಗಿಡ್ಡ ಬಿಲ್ಲಿನಲ್ಲಿ ಹೆದೆ ಕೈಯಿಂದಲೇ ಮುಂದಕ್ಕೆ ಓಡಿಬಿಡುವುದರಿಂದ ಮೂಗಿಗೆ ಸಿಗುವುದಿಲ್ಲ. ಮೂಗನ್ನು ಹೆದೆಯ ಹತ್ತಿರ ಒಯ್ಯಲು ಕತ್ತು ಚಾಚಬೇಡಿ. ಅಲ್ಲಿಂದ ಭುಜವೂ ಕೆಡುತ್ತದೆ. ಹೆಬ್ಬೆರಳಿನ ಗೆಣ್ಣು ಬಾಯಿಯ ಮೂಲೆಗೋ ಕೆನ್ನೆಯ ಮೂಳೆಗೋ ತಾಗಲಿ. ಯಾವುದಾದರೂ ಒಂದನ್ನು ಆರಿಸಿ, ಪ್ರತಿ ಸಲ ಅಲ್ಲಿಗೇ ಬನ್ನಿ. ಕಿವಿಯವರೆಗೆ ಎಳೆಯುವ ಆಸೆಯಿದ್ದರೆ ಮೊದಲು ತಯಾರಕರು ಹೇಳಿದ ಎಳೆತದ ಮಿತಿಯನ್ನು ನೋಡಿ. ಅದನ್ನು ಮೀರಿದರೆ ಬಿಲ್ಲು ಮುರಿಯಬಹುದು, ಮುಖದ ಪಕ್ಕದಲ್ಲೇ.

[ದೃಶ್ಯ: ಪಾದಗಳು, ಮೇಲಿನಿಂದ.]

ನಿಲುವಿಗೆ ನಾನು ಕೊರಿಯಾದತ್ತ ನೋಡುತ್ತೇನೆ. ಅವರ ಗಕ್‌ಗುಂಗ್ ಎಮ್ಮೆಯ ಕೊಂಬು, ಪ್ರಾಣಿಯ ಸ್ನಾಯು, ಬಿದಿರು, ಮೀನಿನ ಅಂಟು ಸೇರಿಸಿ ಕಟ್ಟಿದ ಗಿಡ್ಡ ಬಿಲ್ಲು. ಅದರಲ್ಲಿ ಅವರು 145 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಒಲಿಂಪಿಕ್ಸ್‌ನ ದೂರ 70 ಮೀಟರ್. ಪಾದಗಳು ಚೀನೀ ಲಿಪಿಯ 'ದಿಂಗ್' (丁) ಅಕ್ಷರದಂತೆಯೂ ಇರಬಾರದು, 'ಬಾ' (八) ಅಕ್ಷರದಂತೆಯೂ ಇರಬಾರದು ಎನ್ನುತ್ತಾರೆ. ಅಂದರೆ ಗುರಿಗೆ ಪೂರ್ತಿ ಮಗ್ಗುಲಾಗಿ ನಿಲ್ಲದೆ, ಎದೆಯನ್ನು ಗುರಿಯತ್ತ ತೆರೆದು ನಿಲ್ಲುವುದು. ನಾನು ಹಾಗೆ ನಿಂತಾಗ ಹೆದೆ ಅಂಗಿಗೆ ಸಿಕ್ಕುವುದು ಕಡಿಮೆಯಾಯಿತು.

ಅವರಲ್ಲಿ ಇನ್ನೊಂದು ಮಾತಿದೆ: ಮುಂದಿನ ಕೈ ಚೀನಾದ ತೈಷಾನ್ ಬೆಟ್ಟವನ್ನು ತಳ್ಳುವಂತಿರಲಿ, ಹಿಂದಿನ ಕೈ ಹುಲಿಯ ಬಾಲವನ್ನು ಬಿಟ್ಟಂತಿರಲಿ. ರಿಕರ್ವ್‌ನಲ್ಲಿ ಬಿಲ್ಲು ಹಿಡಿದ ಕೈಯನ್ನು ಸಡಿಲ ಬಿಡಲು ಕಲಿಸುತ್ತಾರೆ. ಇಲ್ಲಿ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಹಿಡಿಯನ್ನು ಬಿಗಿಯಾಗಿ ಸುತ್ತುತ್ತವೆ, ತಳ್ಳುವ ಕೆಲಸ ಹೆಬ್ಬೆರಳಿನ ಬುಡದ್ದು. ಬಾಣ ಹಾರುವ ಗಳಿಗೆಯಲ್ಲಿ ಆ ಕೈ ಬಿಲ್ಲನ್ನು ಬಾಣದ ದಾರಿಯಿಂದ ತುಸು ಪಕ್ಕಕ್ಕೆ ಹೊರಳಿಸುತ್ತದೆ. ಇದನ್ನು ಬೇಕೆಂದೇ ಜೋರಾಗಿ ಮಾಡಬೇಡಿ. ತಳ್ಳುವಿಕೆ ಸರಿಯಿದ್ದರೆ ತಾನಾಗಿ ಬರುತ್ತದೆ. ಬಾಣಗಳು ಸತತವಾಗಿ ಬಲಕ್ಕೇ ಹೋಗುತ್ತಿದ್ದರೆ ಈ ಹೊರಳು ಸಾಲದು, ಇಲ್ಲವೇ ಬಾಣದ ಕಡ್ಡಿ ತೀರ ಗಡಸು.

[ದೃಶ್ಯ: ಹುಲ್ಲಿನ ಪಿಂಡಿ, ಐದು ಹೆಜ್ಜೆ ದೂರದಲ್ಲಿ.]

ಬಾಣ ಕೈಯ ಮೇಲೆಯೇ ಸಾಗುವುದರಿಂದ ಗರಿಯ ಮುಂತುದಿ ಚರ್ಮವನ್ನು ಸೀಳಬಲ್ಲದು. ಅಲ್ಲಿ ನೂಲು ಬಿಗಿಯಾಗಿ ಸುತ್ತಿ ಅಂಟು ಹಚ್ಚಿ. ಎಳೆಯಲು 20 ರಿಂದ 25 ಪೌಂಡ್ ಬಲ ಬೇಕಾಗುವ ಬಿಲ್ಲಿನಿಂದ ಆರಂಭಿಸಿ. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬೇಡಿ. ಎರಡು ವಾರ ಗುರಿಹಲಗೆ ಬೇಡ, ಈ ಪಿಂಡಿ ಸಾಕು. ಹೆಬ್ಬೆರಳು ಜೋಮು ಹಿಡಿದರೆ ಅಂದಿಗೆ ಹೆದೆ ಇಳಿಸಿಬಿಡಿ.

[ದೃಶ್ಯ: ಎಳೆತ, ಬಿಡುಗಡೆ. ಬಾಣ ಪಿಂಡಿಗೆ ನಾಟುವ ಸದ್ದು. ಮತ್ತೆ ಉಂಗುರ ಬೆರಳು, ಹತ್ತಿರದಿಂದ.]

ಇದು ಐವತ್ತನೆಯ ಬಾಣ. ಆ ಕೆಂಪು ಗೆರೆ ಮಾಸುತ್ತಾ ಬಂದಿದೆ.