ಸಜ್ಜದ ಲೆಕ್ಕ: ಬೆಂಗಳೂರಿನಲ್ಲಿ ಆಟ್ಟೋ ಕೋನಿಗ್ಸ್‌ಬರ್ಗರ್

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಹೋದವರು ಗೋಪುರವಿರುವ ಮುಖ್ಯ ಕಟ್ಟಡ ನೋಡಿ ಬಂದುಬಿಡುತ್ತಾರೆ. ಅದೇ ಆವರಣದಲ್ಲಿ 1940ರ ದಶಕದ ಏರೋನಾಟಿಕಲ್ ವಿಭಾಗದ ಕಟ್ಟಡವಿದೆ. ಗುಮ್ಮಟವಿಲ್ಲ, ಕೆತ್ತನೆಯಿಲ್ಲ. ಅದನ್ನು ವಿನ್ಯಾಸ ಮಾಡಿದವರು ಆಟ್ಟೋ ಕೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. 1933ರಲ್ಲಿ ಜರ್ಮನಿಯ ವಾಸ್ತುಶಿಲ್ಪಿಗಳಿಗೆ ಕೊಡುವ ಶಿಂಕೆಲ್ ಪ್ರಶಸ್ತಿ ಬಂತು, ಯಹೂದಿ ಎಂಬ ಕಾರಣಕ್ಕೆ ಅದೇ ವರ್ಷ ಕೆಲಸ ಹೋಯಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಯುದ್ಧ ಶುರುವಾಗಿ ಸಿಮೆಂಟು, ಉಕ್ಕು ಎರಡೂ ದುರ್ಲಭ. ಗೋಡೆ ತಂಪಾಗಿರಬೇಕಾದರೆ ಖರ್ಚಿಲ್ಲದ ಉಪಾಯ ಒಂದೇ, ನೆರಳು.

ಆ ನೆರಳಿನ ಲೆಕ್ಕ ನಮ್ಮ ಊರಿಗೆ ಹೀಗೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 22ರ ನಡುಹಗಲು ಸೂರ್ಯ ತೆಂಕಣದಲ್ಲಿ 53 ಡಿಗ್ರಿ ಚಿಲ್ಲರೆ ಎತ್ತರದಲ್ಲಿರುತ್ತಾನೆ. ತೆಂಕಣ ಗೋಡೆಯ 4 ಅಡಿ ಎತ್ತರದ ಕಿಟಕಿಗೆ ಅಂದು ಪೂರಾ ನೆರಳು ಬೇಕೆಂದರೆ ಸಜ್ಜ ಹತ್ತಿರಹತ್ತಿರ 3 ಅಡಿ ಚಾಚಬೇಕು. ಆದರೆ ನಮಗೆ ಚಳಿಗಾಲದ ಬಿಸಿಲು ಹಿತವೇ ಅಲ್ಲವೇ? 2 ಅಡಿ ಸಾಕು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಎರಡನೇ ವಾರದವರೆಗೆ ಕಿಟಕಿಯ ಕೆಳಭಾಗಕ್ಕೆ ಒಂದಿಷ್ಟು ಬಿಸಿಲು ಬೀಳುತ್ತದೆ, ಮಿಕ್ಕ ತಿಂಗಳು ನಡುಹಗಲಿಗೆ ನೆರಳು. ಕಿಟಕಿಯ ಅಗಲಕ್ಕೆ ಸರಿಯಾಗಿ ಸಜ್ಜ ಕತ್ತರಿಸಿದರೆ ಬಿಸಿಲು ಪಕ್ಕದಿಂದ ನುಸುಳುತ್ತದೆ. ಎರಡೂ ಬದಿ ಹೆಚ್ಚು ಬಿಡಬೇಕು.

ತೊಂದರೆ ಇರುವುದು ಪಡುವಣದಲ್ಲಿ. ಮಾರ್ಚ್ 21ರ ಸಂಜೆ ನಾಲ್ಕೂವರೆ ಸುಮಾರಿಗೆ ಸೂರ್ಯ ಬರೀ 29 ಡಿಗ್ರಿ ಎತ್ತರ. ಅದೇ 4 ಅಡಿ ಕಿಟಕಿಗೆ 7 ಅಡಿ ಸಜ್ಜ ಬೇಕಾಗುತ್ತದೆ! ಅಷ್ಟು ಚಾಚಿದರೆ ಅದು ಸಜ್ಜವಲ್ಲ, ಜಗಲಿ. ಆದರೂ ಮೇಸ್ತ್ರಿಗಳು ನಾಲ್ಕೂ ಗೋಡೆಗೆ ಒಂದೇ ಅಳತೆಯ ಸಜ್ಜ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಪಡುವಣದ ಕಿಟಕಿ ಮುಚ್ಚಿಬಿಡೋಣ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬರುವುದೂ ಆ ಕಡೆಯಿಂದಲೇ. ಹಾಗಾಗಿ ಅಲ್ಲಿ ಜಗಲಿ, ಜಾಲಂಧ್ರ, ಇಲ್ಲವೇ ನೆಟ್ಟಗೆ ನಿಲ್ಲಿಸಿದ ಫಲಕ ಬೇಕು.

1948ರಲ್ಲಿ ಅವರು ದೆಹಲಿಗೆ ಹೋದರು, ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ. ಭುವನೇಶ್ವರ ನಗರಕ್ಕೆ ಅವರು ಹಾಕಿಕೊಟ್ಟ ನಕ್ಷೆ ಆ ಹೊತ್ತಿನದು. ನಿರಾಶ್ರಿತರಿಗೆಂದು ಕಾರ್ಖಾನೆಯಲ್ಲೇ ಗೋಡೆಯ ಹಲಗೆಗಳನ್ನು ಎರಕ ಹೊಯ್ದು ಮನೆ ಜೋಡಿಸುವ ಯೋಜನೆ ಮಾತ್ರ ಕೈಕೊಟ್ಟಿತು. ಹಗುರ ಕಾಂಕ್ರೀಟಿನ ಹಲಗೆಗಳು ಬಿರುಕುಬಿಟ್ಟವು. ಸಂಸತ್ತಿನಲ್ಲಿ ಗದ್ದಲವಾಯಿತು, 1951ರಲ್ಲಿ ಅವರು ದೇಶ ಬಿಟ್ಟರು. ಇಟ್ಟಿಗೆ ಗೋಡೆ ಹದಿನೆಂಟು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಎರಕದ ಹಲಗೆ ಒಂದನ್ನೂ ಸಹಿಸುವುದಿಲ್ಲ.

ಲಂಡನ್ನಿನಲ್ಲಿ ಅವರು ಉಷ್ಣವಲಯದ ವಾಸ್ತುಶಿಲ್ಪ ಕಲಿಸಿದರು. ಕಾರ್ಲ್ ಮಹೋನಿ ಮತ್ತು ಮಾರ್ಟಿನ್ ಇವಾನ್ಸ್ ಜೊತೆ ಸೇರಿ ರೂಪಿಸಿದ ಮಹೋನಿ ಕೋಷ್ಟಕ ಇಂದಿಗೂ ಬಳಕೆಯಲ್ಲಿದೆ. ಹನ್ನೆರಡು ತಿಂಗಳ ಉಷ್ಣಾಂಶ, ತೇವಾಂಶ, ಮಳೆ, ಗಾಳಿ ತುಂಬಿಸಿದರೆ ಮನೆಯ ದಿಕ್ಕು, ಕಿಟಕಿಯ ಗಾತ್ರ, ಗೋಡೆಯ ದಪ್ಪ ಹೊರಬರುತ್ತವೆ. ಬೆಂಗಳೂರಿಗೆ ಅದರ ಮೊದಲ ಉತ್ತರ, ಉದ್ದ ಗೋಡೆಗಳು ತೆಂಕಣ ಬಡಗಣಕ್ಕೆ ಮುಖ ಮಾಡಲಿ ಎಂಬುದು. ಮೂವತ್ತು ನಲವತ್ತರ ಪಡುವಣ ಮುಖದ ಸೈಟು ಸಿಕ್ಕಿದವರು ಬೇಸರಪಡುವುದು ಬೇಡ. ರಸ್ತೆ ಕಡೆಗೆ ಬರುವುದು 30 ಅಡಿಯ ಗಿಡ್ಡ ಗೋಡೆ ತಾನೇ? ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ಅಲ್ಲಿಗೆ ಹಾಕಿ, ಮಲಗುವ ಕೋಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ.